ಸ್ಮಾರಕಕ್ಕೆ ಬೆಣ್ಣೆ, ಗೂಡಿಗೆ ಸುಣ್ಣ

ಮನೆ ಕಟ್ಟುವವರನ್ನು ನಾವು ಇಂದಿಗೂ ‘ಗಾರೆ ಕೆಲಸದವರು’ ಎಂದೇ ಕರೆಯುತ್ತೇವೆ. ಅವರ ಬಾಂಡಲಿಯಲ್ಲಿ ಇರುವುದು ಸಿಮೆಂಟು. ಗಾರೆಯೆಂದರೆ ಸುಟ್ಟು ಅರಳಿಸಿದ ಸುಣ್ಣವನ್ನು ಮರಳಿನೊಂದಿಗೆ, ಇಟ್ಟಿಗೆಯ ಪುಡಿಯೊಂದಿಗೆ ಅರೆದು ಹದ ಮಾಡಿದ ಕಲಸು ಎಂಬುದನ್ನು ಆ ಕೆಲಸ ಮಾಡುವ ಯುವಕರಲ್ಲಿ ಬಹುಪಾಲು ಮಂದಿ ಕಂಡಿಲ್ಲ. ಮೈಸೂರಿನಲ್ಲಿ ಸುಣ್ಣದಕೇರಿ ಎಂಬ ಬಡಾವಣೆಯಿದೆ. ಉತ್ತರ ಕರ್ನಾಟಕದಲ್ಲಿ ಸುಣಗಾರ ಎಂಬ ಅಡ್ಡಹೆಸರಿನ ಮನೆತನಗಳಿವೆ. ದುಡಿದು ದಣಿದವನು ‘ಸುಣ್ಣವಾಗಿ ಹೋದೆ’ ಎಂದು ಕೈಚೆಲ್ಲಿ ಕೂರುತ್ತಾನೆ. ಒಂದು ಇಡೀ ಕಸುಬು ಹೀಗೆ ನಮ್ಮ ಮಾತಿನಲ್ಲಿ ಮಾತ್ರ ಉಳಿದುಕೊಂಡಿದೆ. ಆ ಕಸುಬಿನ ಕಲ್ಲುಮಣ್ಣಿನ ಗುರುತಾದ ಸುಣ್ಣದ ಗೂಡುಗಳು ಊರ ಹೊರಗಿನ ಮುಳ್ಳುಕಂಟಿಗಳ ನಡುವೆ ಒಂದೊಂದಾಗಿ ಮಣ್ಣುಪಾಲಾಗುತ್ತಿವೆ.

ಹಳೆಯದೆಲ್ಲ ಉಳಿಯಲೇಬೇಕೆಂಬ ಹಟ ನನ್ನದಲ್ಲ. ಆದರೆ ಸುಣ್ಣದ ಗೂಡಿನ ವಿಷಯದಲ್ಲಿ ನಾವು ಒಂದು ವಿಚಿತ್ರ ಪಕ್ಷಪಾತವನ್ನು ನಡೆಸಿಕೊಂಡು ಬಂದಿದ್ದೇವೆ. ಗೂಡಿನಿಂದ ಬಂದ ಸುಣ್ಣದಲ್ಲಿ ಕಟ್ಟಿದ ಗುಡಿ, ಗುಂಬಜ್, ಅರಮನೆಗಳಿಗೆ ಬೇಲಿ ಹಾಕಿ, ಫಲಕ ನೆಟ್ಟು, ಕಾವಲುಗಾರರನ್ನು ಇಟ್ಟಿದ್ದೇವೆ. ಅವುಗಳನ್ನು ದುರಸ್ತಿ ಮಾಡಲು ಬೇಕಾದ ಪದಾರ್ಥ ಎಲ್ಲಿಂದ ಬರಬೇಕು, ಅದನ್ನು ಹದಗೊಳಿಸುವ ಕೈ ಯಾರದು ಎಂದು ಕೇಳಿಕೊಂಡೇ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಈ ಸುಣ್ಣ ಏನನ್ನೆಲ್ಲ ಎತ್ತಿ ನಿಲ್ಲಿಸಿದೆ ಎಂಬುದನ್ನು ಒಮ್ಮೆ ನೆನೆಯಬೇಕು. ವಿಜಯಪುರದ ಗೋಲಗುಂಬಜ್ 17ನೇ ಶತಮಾನದ ನಡುಭಾಗದ ರಚನೆ. ಒಳಗಿನಿಂದ ಅಳೆದರೆ ಸುಮಾರು 124 ಅಡಿ ವ್ಯಾಸದ ಆ ಗುಮ್ಮಟವನ್ನು ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ ಹಿಡಿದು ನಿಲ್ಲಿಸಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆ. ಹಂಪಿಯ ಗೋಪುರಗಳ ಇಟ್ಟಿಗೆಯ ಮೇಲೆ ಅರಳಿದ ದೇವದೇವತೆಯರು ಗಾರೆಯಲ್ಲಿ ಮೂಡಿದವರು. ರಾಜರ ಕಾಲದ ಮಾತು ಹಾಗಿರಲಿ, ನಮ್ಮ ಆಧುನಿಕ ಎಂಜಿನಿಯರಿಂಗಿನ ಹೆಮ್ಮೆಯೂ ಇದೇ ತಳಹದಿಯ ಮೇಲೆ ನಿಂತಿದೆ. ಕಾವೇರಿಗೆ ಅಡ್ಡಲಾಗಿ 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ, ಅಂದರೆ ಸುಣ್ಣ ಮತ್ತು ಸುಟ್ಟ ಜೇಡಿಯ ಪುಡಿ. ವೇದಾವತಿಯ ಮೇಲಿನ ಮಾರಿಕಣಿವೆಯ ವಾಣಿವಿಲಾಸ ಸಾಗರ ಅದಕ್ಕೂ ಹಿರಿಯದು, 1907ರಲ್ಲಿ ಮುಗಿದದ್ದು. 1933ರ ನಂತರ 2022ರಲ್ಲಿ ಮೊದಲ ಬಾರಿ ಅದು ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೆರೆದರು. ಶತಮಾನ ದಾಟಿದ ಆ ಗಾರೆ ತುಂಬಿದ ಜಲರಾಶಿಯ ಒತ್ತಡವನ್ನು ತಡೆದು ನಿಂತಿತ್ತು.

ಇಂತಹ ಕಾಮಗಾರಿಗಳಿಗೆ ಬೇಕಾಗುತ್ತಿದ್ದ ಸುಣ್ಣ ಗಾಡಿಗಟ್ಟಲೆಯದು. ಅದು ಎಲ್ಲೋ ಸುಟ್ಟು, ಯಾರೋ ಹೊತ್ತು, ಎತ್ತಿನ ಗಾಣದಲ್ಲಿ ಅರೆದು ಬರಬೇಕಾಗಿತ್ತು. ಎಂಜಿನಿಯರರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಸುಣ್ಣ ಸುಟ್ಟವರ ಹೆಸರು ಎಲ್ಲಿಯೂ ಕೆತ್ತಿಲ್ಲ. ಅವರು ಬಿಟ್ಟುಹೋದ ಏಕೈಕ ಶಾಸನವೆಂದರೆ ಆ ಗೂಡುಗಳು.

ಕರ್ನಾಟಕದ ನೆಲ ಸುಣ್ಣಕ್ಕೆ ಬಡವಾದ ನೆಲವಲ್ಲ. ಕಲಾದಗಿ–ಲೋಕಾಪುರದ ಆಸುಪಾಸಿನಲ್ಲಿ, ಭೀಮಾ ತೀರದ ಸೇಡಂ–ಶಹಾಬಾದ್ ಸೀಮೆಯಲ್ಲಿ ಸುಣ್ಣದಕಲ್ಲಿನ ಹಾಸುಗಳೇ ಇವೆ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಗಂಟುಗಂಟಾಗಿ ಸಿಗುವ ಸುಣ್ಣದ ಹರಳಿಗೆ ಬೆಟ್ಟ ಅಗೆಯುವ ಶ್ರಮವೂ ಬೇಡ. ಹರಳಿನಲ್ಲಿ ಬೆರೆತಿರುವ ಜೇಡಿಯ ಅಂಶದಿಂದಾಗಿ ಅದರ ಸುಣ್ಣ ತೇವದಲ್ಲಿಯೂ ಗಟ್ಟಿಯಾಗಬಲ್ಲದು. ಕೆರೆಯ ತೂಬಿಗೆ, ಬಾವಿಯ ಕಟ್ಟಡಕ್ಕೆ ಅದು ಒದಗುತ್ತಿದ್ದುದು ಈ ಗುಣದಿಂದಲೇ. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪು. ಅಘನಾಶಿನಿಯಂತಹ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ ತಲೆಮಾರುಗಳಿಂದ ಅಡಿಗೆ ಕುಳಿತ ಚಿಪ್ಪುಗಳನ್ನು ತೆಗೆದು ಸುಟ್ಟರೆ ಹಾಲಿನಷ್ಟು ಬಿಳಿಯ ಸುಣ್ಣ ದೊರೆಯುತ್ತಿತ್ತು. ಊರಿನ ಮಣ್ಣು ಯಾವುದೋ ಊರಿನ ಸುಣ್ಣ ಅದರದು. ಆ ಊರಿನ ಗೋಡೆಯ ಸ್ವಭಾವವೂ ಅದಕ್ಕೆ ತಕ್ಕದ್ದು.

ಹಿಂದಿನ ಬೇಸಿಗೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಅಂಚಿನಲ್ಲಿ ಅಂಥದೊಂದು ಗೂಡನ್ನು ನೋಡಲು ಹೋಗಿದ್ದೆ. ಎದೆಮಟ್ಟದ ಕಾಡುಗಲ್ಲಿನ ಸುತ್ತುಗೋಡೆ, ಒಳಗೆ ಏಳೆಂಟು ಅಡಿ ಅಗಲದ ಬಾಯಿ, ಬುಡದಲ್ಲಿ ಗಾಳಿಯಾಡಲೆಂದು ಬಿಟ್ಟ ಮೂರು ಕಂಡಿಗಳು. ಒಳಗೋಡೆಯ ಕಲ್ಲುಗಳು ಬೆಂಕಿಗೆ ಗಾಜಿನಂತೆ ಕರಗಿ ಹೊಳೆಯುತ್ತಿದ್ದವು. ಗೂಡಿನ ನಡುವೆ ಒಂದು ಬೇವಿನ ಮರ ಬೆಳೆದಿತ್ತು. ಅದರ ಸುತ್ತ ಊರಿನವರು ಸುರಿದ ಪ್ಲಾಸ್ಟಿಕ್ಕಿನ ಕಸ. ನಾಲ್ಕು ಮಾರು ದೂರದಲ್ಲಿ ರಸ್ತೆ ಅಗಲೀಕರಣದ ಗುರುತಿನ ಕಲ್ಲು ನೆಟ್ಟಿದ್ದರು.

ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದರು. ಪ್ರಾಯದಲ್ಲಿ ಅದೇ ಗೂಡಿನಲ್ಲಿ ಕೆಲಸ ಮಾಡಿದವರು. ಒಂದು ಪದರ ಸೌದೆ ಮತ್ತು ಇದ್ದಿಲು, ಅದರ ಮೇಲೆ ಒಂದು ಪದರ ಹರಳು, ಮತ್ತೆ ಸೌದೆ, ಮತ್ತೆ ಹರಳು ಎಂದು ಗೂಡು ತುಂಬುತ್ತಿದ್ದ ಬಗೆಯನ್ನು ಕೈಯಾಡಿಸಿ ತೋರಿಸಿದರು. ಕಲ್ಲು ಬೆಂದದ್ದು ತಿಳಿಯುತ್ತಿದ್ದುದು ಹೇಗೆಂದು ಕೇಳಿದೆ.

‘ಮೊದಲು ಹೊಗೆ ದಪ್ಪಗೆ ಬರ್ತೈತೆ ಸ್ವಾಮಿ, ಕಲ್ಲಿನ ನೀರು ಹೋಗಬೇಕಲ್ಲ. ಆಮೇಲೆ ತೆಳ್ಳಗಾಗ್ತೈತೆ. ಕಲ್ಲೇ ಕೆಂಡದಂಗೆ ಕಾಣ್ತೈತೆ. ಆವಾಗ ಎದ್ದು ಹೋದ್ರೆ ಗೂಡು ಕೆಟ್ಟಂಗೆ. ಆರಿದ ಮೇಲೆ ಒಂದು ಕಲ್ಲು ಕೈಗೆತ್ತಿದ್ರೆ ಸಾಕು, ಬೆಂದ ಕಲ್ಲು ಬೆಂಡಿನಂಗೆ ಹಗುರ.’

ರಸಾಯನಶಾಸ್ತ್ರದ ಪುಸ್ತಕವೂ ಇದನ್ನೇ ಹೇಳುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಣ್ಣದಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಶುದ್ಧವಾದ 100 ಕಿಲೊ ಕಲ್ಲು ಪೂರ್ತಿ ಬೆಂದರೆ ಉಳಿಯುವುದು 56 ಕಿಲೊ ಸುಟ್ಟ ಸುಣ್ಣ. ಮಿಕ್ಕದ್ದು ಗಾಳಿ ಸೇರುತ್ತದೆ. ಬೆಂದ ಕಲ್ಲು ಅಂಗೈಗೆ ಹಗುರವೆನಿಸುವ ಕಾರಣ ಇದು. ಶಾಖ ಕಡಿಮೆಯಾದರೆ ಕಲ್ಲಿನ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಹೆಚ್ಚಾದರೆ ಸುಣ್ಣ ನೀರಿಗೆ ಬೇಗ ಅರಳದೆ, ಗೋಡೆಗೆ ಬಳಿದ ಎಷ್ಟೋ ದಿನಗಳ ಮೇಲೆ ಅರಳಿ ಗುಳ್ಳೆಯೆದ್ದು ಸಿಡಿಯುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಈ ಎರಡು ತಪ್ಪುಗಳ ನಡುವಿನ ಕಿರಿದಾದ ದಾರಿಯನ್ನು ಹಿಡಿಯುತ್ತಿದ್ದುದು ಹೊಗೆಯ ಬಣ್ಣ ಬಲ್ಲ ಕಣ್ಣು ಮತ್ತು ತೂಕ ಬಲ್ಲ ಕೈ.

ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಬುಸುಗುಟ್ಟಿ, ಕುದಿದು, ಬಿರಿದು ಹಿಟ್ಟಾಗುತ್ತದೆ. ಆ ಅರಳಿದ ಸುಣ್ಣವನ್ನು ಹೊಂಡದಲ್ಲಿ ನೀರಿನಡಿ ವಾರಗಟ್ಟಲೆ ಕೊಳೆಹಾಕಿ, ಮರಳು ಮತ್ತು ಇಟ್ಟಿಗೆಪುಡಿ ಸೇರಿಸಿ, ಎತ್ತು ಎಳೆಯುವ ಕಲ್ಲುಚಕ್ರದಡಿ ಅರೆಯಬೇಕು. ಕೆಲವೆಡೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರನ್ನೂ ಬೆರೆಸುತ್ತಿದ್ದರು. ಗೋಡೆಗೇರಿದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಮರಳಿ ಪಡೆಯುವ ಈ ಸುತ್ತು ಮುಗಿಯಲು ವರ್ಷಗಳೇ ಬೇಕು. ಸಣ್ಣ ಬಿರುಕುಗಳಿಗೆ ಮಳೆನೀರು ಇಳಿದರೆ ಅಲ್ಪಸ್ವಲ್ಪ ಸುಣ್ಣ ಕರಗಿ ಬಂದು ಅಲ್ಲೇ ಹರಳುಗಟ್ಟಿ ಬಿರುಕನ್ನು ಮುಚ್ಚುವುದೂ ಉಂಟು.

ಹೀಗಿದ್ದೂ ಗೂಡುಗಳು ಆರಿದ್ದೇಕೆ? ಸಿಮೆಂಟು ಬಂತು ಎಂಬುದು ಸುಲಭದ ಉತ್ತರ. ಪೋರಬಂದರಿನ ಕಾರ್ಖಾನೆಯಲ್ಲಿ 1914ರಲ್ಲಿ ಆರಂಭವಾದ ಉತ್ಪಾದನೆಯೊಂದಿಗೆ ಭಾರತದಲ್ಲಿ ಸಿಮೆಂಟಿನ ಯುಗ ಬೇರೂರಿತು. ಮುಂದೆ ಶಹಾಬಾದ್, ವಾಡಿ, ಬಾಗಲಕೋಟೆ, ಅಮ್ಮಸಂದ್ರಗಳಲ್ಲಿ ಕಾರ್ಖಾನೆಗಳು ಎದ್ದವು. ಸುಣ್ಣದಕಲ್ಲು ಗೂಡಿನ ದಾರಿ ಬಿಟ್ಟು ಕಾರ್ಖಾನೆಯ ದಾರಿ ಹಿಡಿಯಿತು. ಸಿಮೆಂಟು ಗಂಟೆಗಳಲ್ಲಿ ಬಿಗಿಯುತ್ತದೆ, ಚೀಲದಲ್ಲಿ ಬರುತ್ತದೆ, ಊರಿನಿಂದ ಊರಿಗೆ ಗುಣ ಬದಲಾಗುವುದಿಲ್ಲ. ಅವಸರದ ಕಾಲಕ್ಕೆ ಅದು ಹೇಳಿ ಮಾಡಿಸಿದ ವಸ್ತು. ಬಡವನೊಬ್ಬ ಮಳೆಗಾಲದೊಳಗೆ ಸೂರು ಮಾಡಿಕೊಳ್ಳಬೇಕಾದಾಗ ಆರು ತಿಂಗಳು ಸುಣ್ಣ ಕೊಳೆಹಾಕು ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಮಾತಾದೀತು.

ಇನ್ನೊಂದು ಸತ್ಯವನ್ನೂ ಮರೆಮಾಚಬಾರದು. ಸುಣ್ಣದ ಗೂಡು ಕಾಡನ್ನು ತಿನ್ನುತ್ತಿತ್ತು. ಒಂದೊಂದು ಸುಡುವಿಕೆಗೂ ಬೀಳುತ್ತಿದ್ದ ಸೌದೆಯ ಲೆಕ್ಕವನ್ನು ಗುಡ್ಡಗಳು ಕೊಟ್ಟಿವೆ. ಗೂಡಿನ ಮುಂದೆ ದುಡಿದವರು ಬಹುಮಟ್ಟಿಗೆ ಸಮಾಜದ ಕೆಳಗಿನ ಮೆಟ್ಟಿಲಿನವರು. ಸುಟ್ಟ ಸುಣ್ಣದ ಧೂಳು ಎದೆ ಸೇರಿದರೆ ಕೆಮ್ಮು, ಬೆವರಿದ ಮೈಗೆ ತಾಗಿದರೆ ಬೊಬ್ಬೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಮೇಲೆ ಹೇಳಿದ ಗಾದೆಯ ಕ್ರೌರ್ಯ ನಮಗೆ ಅಲಂಕಾರವಾಗಿ ಕೇಳಿಸಬಹುದು, ಗೂಡಿನವರಿಗೆ ಅದು ದಿನನಿತ್ಯದ ಭಯವಾಗಿತ್ತು. ಹಾಗಾಗಿ ಗೂಡುಗಳನ್ನು ಹಳೆಯ ರೀತಿಯಲ್ಲೇ ಮತ್ತೆ ಹೊತ್ತಿಸಿ ಎಂದು ನಾನು ಹೇಳಲಾರೆ. ಆ ದುಡಿಮೆಯಿಂದ ಮುಂದಿನ ತಲೆಮಾರು ಬಿಡುಗಡೆ ಪಡೆದದ್ದು ಒಳ್ಳೆಯದೇ ಆಯಿತು.

ಆದರೆ ದುಡಿಮೆಯ ಕಷ್ಟ ಹೋಗಲಿ ಎಂಬುದಕ್ಕೂ ದುಡಿಮೆಯ ಅರಿವು ಹೋಗಲಿ ಎಂಬುದಕ್ಕೂ ಅಂತರವಿದೆ. ಅರಿವು ಹೋದದ್ದರ ಬೆಲೆಯನ್ನು ನಾವು ಈಗ ತೆರುತ್ತಿದ್ದೇವೆ. ನನ್ನ ಊರಿನ ಗುಡಿಯೊಂದನ್ನು ಕೆಲವು ವರ್ಷಗಳ ಹಿಂದೆ ಭಕ್ತರು ಶ್ರದ್ಧೆಯಿಂದಲೇ ಜೀರ್ಣೋದ್ಧಾರ ಮಾಡಿದರು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಅಂಗುಲ ದಪ್ಪದ ಸಿಮೆಂಟು ಬಳಿದು, ಮೇಲೆ ಹೊಳೆಯುವ ಬಣ್ಣ ಹೊಡೆದರು. ಮೂರನೆಯ ಮಳೆಗಾಲದ ಹೊತ್ತಿಗೆ ಗೋಡೆಯ ಬುಡದಲ್ಲಿ ಉಪ್ಪು ಹೂವಾಡಿತು. ಐದನೆಯ ಮಳೆಗಾಲಕ್ಕೆ ಸಿಮೆಂಟಿನ ಹಪ್ಪಳಗಳು ಒಳಗಿನ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬಿದ್ದವು. ಇದರಲ್ಲಿ ದೈವಕೋಪವೇನೂ ಇಲ್ಲ. ಹಳೆಯ ಗೋಡೆ ನೆಲದ ತೇವವನ್ನು ಹೀರಿ, ಸುಣ್ಣದ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಗೆ ಬಿಡುತ್ತಾ ಬದುಕಿತ್ತು. ಸಿಮೆಂಟಿನ ಬಿಗಿಯಾದ ಹೊದಿಕೆ ಆ ಉಸಿರನ್ನು ಕಟ್ಟಿತು. ತೇವ ಒಳಗೇ ನಿಂತಿತು, ತೇವದೊಂದಿಗೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಡೆಯಿತು. ಸುಣ್ಣವೇ ಬೇಕೆಂದು ಆಗ ಕೆಲವರು ವಾದಿಸಿದ್ದರು. ಹದವಾಗಿ ಸುಟ್ಟ ಸುಣ್ಣ ಎಲ್ಲಿ ಸಿಗುತ್ತದೆ, ಬಳಿಯುವವರು ಯಾರು ಎಂಬ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಹಳ್ಳಿಯ ಗುಡಿಯ ಕತೆ ನಗರದ್ದೂ ಹೌದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಜೀವಗಳು ಹೋದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದುದನ್ನೇ ದುರಸ್ತಿ ಮಾಡಬೇಕೋ ಎಂಬ ವಾದ ಅನಂತರ ವರ್ಷಗಟ್ಟಲೆ ನಡೆಯಿತು. ಕುಸಿತಗಳ ಕಾರಣವನ್ನು ಹೇಳುವ ತಜ್ಞ ನಾನಲ್ಲ. ಆದರೆ ಇಂತಹ ಪ್ರತಿ ಚರ್ಚೆಯ ತಳದಲ್ಲೂ ಒಂದು ಸರಳ ಸಂಗತಿಯಿದೆ. ದುರಸ್ತಿ ಎಂಬುದು ಒಂದು ಊರಿನ ಅಭ್ಯಾಸವಾಗಿದ್ದಾಗ ಮಾತ್ರ ಅಗ್ಗ. ಸುಣ್ಣ, ಗಾರೆ, ಕೈ ಮೂರೂ ಹತ್ತಿರದಲ್ಲಿದ್ದಾಗ ವರ್ಷಕ್ಕೊಮ್ಮೆ ತೇಪೆ ಹಾಕಿ ಕಟ್ಟಡವನ್ನು ಕಾಯಬಹುದು. ಮೂರೂ ದೂರವಾದಾಗ ಕೆಡವುವುದೇ ಮಿತವ್ಯಯವಾಗಿ ಕಾಣತೊಡಗುತ್ತದೆ.

ನಮ್ಮ ಕಾನೂನುಗಳಿಗೂ ಗೂಡು ಕಾಣಿಸುವುದಿಲ್ಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕೇಂದ್ರದ 1958ರ ಕಾಯ್ದೆಯಿದೆ, ರಾಜ್ಯದ 1961ರ ಕಾಯ್ದೆಯಿದೆ. ಕೇಂದ್ರದ ಕಾಯ್ದೆಯಲ್ಲಿ ನೂರು ವರ್ಷ ಮೀರಿದ ಮತ್ತು ಐತಿಹಾಸಿಕ ಮಹತ್ವವುಳ್ಳ ರಚನೆ ರಕ್ಷಣೆಗೆ ಅರ್ಹ. ಅನೇಕ ಗೂಡುಗಳು ವಯಸ್ಸಿನಲ್ಲಿ ಈ ಗೆರೆಯನ್ನು ದಾಟಿರಬಲ್ಲವು. ಆದರೆ ಅವುಗಳ ಮೇಲೆ ಶಿಲ್ಪವಿಲ್ಲ, ರಾಜನ ಹೆಸರಿಲ್ಲ, ಇಸವಿ ಇಲ್ಲ. ನಾನು ನೋಡಿದ ಗೂಡಿನ ಜಾಗ ದಾಖಲೆಯಲ್ಲಿ ಬರಿಯ ಖರಾಬು. ಖರಾಬಿನ ಮೇಲೆ ಜೆಸಿಬಿ ಹರಿಯಲು ಯಾರ ಅಪ್ಪಣೆಯೂ ಬೇಕಿಲ್ಲವೆಂಬುದು ನಮ್ಮಲ್ಲಿ ನಡೆದುಬಂದ ರೂಢಿ.

ಬೇರೆ ದೇಶಗಳೂ ಈ ಘಟ್ಟವನ್ನು ದಾಟಿವೆ. ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಚಾರ್ಲ್ಸ್‌ಟೌನ್ ಎಂಬ ಕಡಲತಡಿಯ ಊರಿನಲ್ಲಿ 18ನೇ ಶತಮಾನದಲ್ಲಿ ಸಾಲಾಗಿ ಎದ್ದ 14 ಸುಣ್ಣದ ಗೂಡುಗಳು 1956ರಲ್ಲಿ ಆರಿದವು. ಅದೇ ಊರಿನಲ್ಲಿ ಇಂದು 1994ರಲ್ಲಿ ಸ್ಥಾಪನೆಯಾದ ಸ್ಕಾಟಿಷ್ ಲೈಮ್ ಸೆಂಟರ್ ಎಂಬ ಸಂಸ್ಥೆ ಹಳೆಯ ಕಟ್ಟಡಗಳ ದುರಸ್ತಿಗೆ ಸುಣ್ಣವನ್ನು ಬಳಸುವ ವಿದ್ಯೆಯನ್ನು ಗಾರೆಯವರಿಗೂ ಎಂಜಿನಿಯರುಗಳಿಗೂ ಕಲಿಸುತ್ತಿದೆ. ಸ್ಪೇನಿನ ಮೊರೋನ್ ಡೆ ಲಾ ಫ್ರೊಂತೇರಾ ಪಟ್ಟಣದ ಕತೆ ಇನ್ನೂ ಹತ್ತಿರದ್ದು. ಕಾರ್ಖಾನೆಯ ಸುಣ್ಣ ಬಂದು ಅಲ್ಲಿನ ಗೂಡುಗಳು ಪಾಳುಬಿದ್ದಾಗ, ಊರಿನವರೇ ಅವುಗಳನ್ನು ದುರಸ್ತಿ ಮಾಡಿ, ಕೆಲಸ ಬಲ್ಲವರಿಂದಲೇ ಸುಣ್ಣ ಸುಡುವುದನ್ನು ತೋರಿಸುವ ಜೀವಂತ ವಸ್ತುಸಂಗ್ರಹಾಲಯ ಮಾಡಿದರು. 2011ರಲ್ಲಿ ಯುನೆಸ್ಕೊ ಅದನ್ನು ಪರಂಪರೆ ರಕ್ಷಣೆಯ ಉತ್ತಮ ಮಾದರಿಗಳ ಪಟ್ಟಿಗೆ ಸೇರಿಸಿತು. ಎರಡೂ ಕಡೆ ಉಳಿದದ್ದು ಕಲ್ಲಿನ ಗೂಡಷ್ಟೇ ಅಲ್ಲ ಎಂಬುದನ್ನು ಗಮನಿಸಬೇಕು. ಅದರ ಸುತ್ತ ಇದ್ದ ವಿದ್ಯೆಗೆ ವಿದ್ಯಾರ್ಥಿಗಳು ಸಿಕ್ಕರು.

ಸುಣ್ಣಕ್ಕೆ ಇಲ್ಲಿ ಗಿರಾಕಿಯೇ ಇಲ್ಲವೆನ್ನುವಂತೆಯೂ ಇಲ್ಲ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದ ಮೇಲೆ, 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಮಲೆನಾಡಿನ ತೋಟಗಾರರಿಗೆ ಬಾಯಿಪಾಠವಾಗಿದೆ. ಸುಣ್ಣ ಕಳಪೆಯಾದರೆ ದ್ರಾವಣ ಕೆಡುತ್ತದೆ, ದ್ರಾವಣ ಕೆಟ್ಟರೆ ಫಸಲು ಉದುರುತ್ತದೆ. ಎಲೆ ಹಾಕಿಕೊಳ್ಳುವವರ ಸುಣ್ಣದ ಡಬ್ಬಿಯೂ ಖಾಲಿಯಾಗಿಲ್ಲ. ಇದರ ಮೇಲೆ ರಾಜ್ಯದ ಸಾವಿರಾರು ಹಳೆಯ ಗುಡಿ, ಮಸೀದಿ, ಚರ್ಚು, ಕೋಟೆ, ತೊಟ್ಟಿಮನೆಗಳ ದುರಸ್ತಿಯ ಬೇಡಿಕೆ ಸೇರಿದರೆ ಒಂದೊಂದು ಸೀಮೆಗೆ ಒಂದು ಗೂಡು ಉಸಿರಾಡುವಷ್ಟು ಕೆಲಸ ದೊರೆಯದೇ?

ಆ ಗೂಡು ಹಳೆಯ ಗೂಡಿನಂತೆ ಕಾಡು ತಿನ್ನಬೇಕಿಲ್ಲ. ಕೃಷಿತ್ಯಾಜ್ಯ, ತೆಂಗಿನ ಚಿಪ್ಪುಗಳಂತಹ ಉರುವಲಿವೆ. ಕೆಲಸಗಾರರಿಗೆ ಕನ್ನಡಕ, ಕೈಗವಸು, ಮುಖಗವಸು ಕೊಡುವುದು ಕಡ್ಡಾಯವಾಗಬೇಕು. ಕರಾವಳಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಗಿದೆ. ಅಲ್ಲಿನ ಚಿಪ್ಪು ಮೀನುಗಾರರ ಅನ್ನ, ಹಕ್ಕಿಗಳ ಆಹಾರ. ಸುಣ್ಣದ ನೆಪದಲ್ಲಿ ಅಳಿವೆಯ ಒಡಲನ್ನು ಬಗೆಯುವ ಹಕ್ಕು ಯಾರಿಗೂ ಇಲ್ಲ. ದುರಸ್ತಿಗೆ ಬೇಕಾಗುವಷ್ಟೇ ಸುಣ್ಣ ಎಂಬ ಮಿತಿ ಈ ಕಸುಬಿನ ಹೊಸ ನೀತಿಯಾಗಬೇಕು.

ಅದಕ್ಕೂ ಮೊದಲು ಆಗಬೇಕಾದದ್ದು ಎಣಿಕೆ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಊರೂರಿನ ಗಿಡಮರ, ಪ್ರಾಣಿಪಕ್ಷಿಗಳ ಜನತಾ ದಾಖಲಾತಿ ಮಾಡುವ ವ್ಯವಸ್ಥೆ ನಮ್ಮಲ್ಲಿದೆ. ಅದೇ ಮಾದರಿಯಲ್ಲಿ ಗ್ರಾಮ ಪಂಚಾಯಿತಿಗಳು ತಮ್ಮ ಎಲ್ಲೆಯೊಳಗಿನ ಸುಣ್ಣದ ಗೂಡು, ಗಾರೆ ಅರೆಯುವ ಗಾಣ, ಸುಣ್ಣದ ಹೊಂಡಗಳನ್ನು ಗುರುತಿಸಿ ಬರೆದಿಡಬಹುದು. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಶಾಲೆಯ ಮೇಷ್ಟ್ರು ಮತ್ತು ಮಕ್ಕಳು ಸಾಕು. ಖರಾಬು ಎಂಬ ಒಂದು ಪದದ ಪಕ್ಕದಲ್ಲಿ ‘ಸುಣ್ಣದ ಗೂಡು’ ಎಂದು ಬರೆದರೂ ರಸ್ತೆಯ ಗೆರೆ ಎಳೆಯುವ ಎಂಜಿನಿಯರು ಒಂದು ಕ್ಷಣ ನಿಂತು ಯೋಚಿಸಿಯಾನು. ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಕಟ್ಟಡ ನಿರ್ಮಾಣ ಕಲಿಯುವ ಹುಡುಗರಿಗೆ ಒಂದು ತಿಂಗಳಾದರೂ ಸುಣ್ಣದ ಪಾಠ ಇರಲಿ. ಆ ಪಾಠ ಹೇಳಬೇಕಾದವರು ಯಾರೆಂದರೆ, ಗೂಡಿನ ಮುಂದೆ ದುಡಿದು ಈಗ ಮನೆಯ ಜಗಲಿಯಲ್ಲಿ ಕುಳಿತಿರುವವರು. ಶ್ರಮಕ್ಕೆ ಸಿಗದ ಗೌರವ ವಿದ್ಯೆಗಾದರೂ ಸಿಗಲಿ. ಅವರ ಹೆಸರಿನ ಮುಂದೆ ‘ಗುರು’ ಎಂಬ ಪದ ಬರೆದು, ತಕ್ಕ ಸಂಭಾವನೆ ಕೊಟ್ಟು ಕರೆತರಬೇಕು.

ಚಿತ್ರದುರ್ಗದ ಆ ಹಿರಿಯರನ್ನು ಹೊರಡುವ ಮೊದಲು ಕೇಳಿದ್ದೆ: ‘ಯಜಮಾನ್ರೇ, ಈಗ ಒಂದು ಗೂಡು ಹಾಕಬೇಕು ಅಂದ್ರೆ ಆಗ್ತದಾ?’

‘ಕೈಯಾಗೆ ಶಕ್ತಿ ಇಲ್ಲ ಸ್ವಾಮಿ. ಕಣ್ಣಿಗೆ ಇನ್ನೂ ಗೊತ್ತೈತೆ. ಪಕ್ಕದಾಗೆ ಕುಂತು ಹೇಳಬಲ್ಲೆ. ಕೇಳೋರು ಬೇಕಲ್ಲ?’

ಸುಣ್ಣದ ಕಲ್ಲಿಗೆ ಕೋಟ್ಯಂತರ ವರ್ಷಗಳ ತಾಳ್ಮೆಯಿದೆ. ಗೂಡಿನ ಗೋಡೆಗಳು ಇನ್ನೂ ಕೆಲವು ಮಳೆಗಾಲಗಳನ್ನು ತಡೆದಾವು. ಆದರೆ ಹೊಗೆಯ ಬಣ್ಣ ಬಲ್ಲ ಆ ಕಣ್ಣುಗಳಿಗೆ ಅಷ್ಟು ಕಾಲಾವಕಾಶವಿಲ್ಲ. ನಾಡಿನಲ್ಲಿ ಅಂಥವರು ಎಷ್ಟು ಮಂದಿ ಉಳಿದಿದ್ದಾರೋ, ಅವರ ಪಕ್ಕದಲ್ಲಿ ಕುಳಿತು ಕೇಳುವವರು ಈ ವರ್ಷವೇ ಹೊರಡಬೇಕು.